ಪಲ್ಲಕ್ಕಿ ಸ್ಟೇಜಿಗೆ ನಾನೇ ಕಟ್ಟಿಕೊಂಡ ಕರೆಂಟ್ ಡಬ್ಬಿ

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೂವಿನ ಪಲ್ಲಕ್ಕಿಗೆ ಆರ್ಕೆಸ್ಟ್ರಾ ಮಾಡುವವರಿಗೆ ಕರೆಂಟಿನ ಕಥೆ ಹೊಸದಾಗಿ ಹೇಳಬೇಕಿಲ್ಲ. ಸುತ್ತ ಪಂಪ್‌ಸೆಟ್ ಓಡುತ್ತಿದ್ದರೆ ಮೀಟರು 170 ವೋಲ್ಟ್ ತೋರಿಸುತ್ತೆ. ಅವು ನಿಂತ ಮೇಲೆ 250 ದಾಟುತ್ತೆ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಬಂತು ಅಂತ ನಾವೆಲ್ಲ ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಸ್ಟೇಜಿಗೆ ಬರುವ ಕರೆಂಟು ಗಣಿಗೆ ಬಂದ ಹಾಗೆ ಬರಲ್ಲ. ಕಂಬದಿಂದ ಯಾರೋ ಎಳೆದ ವೈರು, ಅದಕ್ಕೆ ಮೂರು ಕಡೆ ತಿರುಚಿದ ಜಾಯಿಂಟು, ಆ ಜಾಯಿಂಟಿಗೆ ಪ್ಲಾಸ್ಟಿಕ್ ಕವರು.

ನಾನು ಕೀಬೋರ್ಡಿನವನು. ಎರಡು ಕೀಬೋರ್ಡು, ಒಂದು ಡಿಜಿಟಲ್ ಮಿಕ್ಸರ್, ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಕಾರ್ಡ್‌ಲೆಸ್ ಮೈಕಿನ ರಿಸೀವರ್‌ಗಳು. ಇಷ್ಟನ್ನು ಕಾಯುವ, ಒಂದೇ ಕೈಯಲ್ಲಿ ಎತ್ತಬಹುದಾದ ಪವರ್ ಕಂಡೀಷನರ್, ಅಂದರೆ ಕರೆಂಟನ್ನು ಸೋಸಿ ಕೊಡುವ ಡಬ್ಬಿ ಬೇಕಿತ್ತು. ಹೊರದೇಶದ್ದು ವಿಚಾರಿಸಿದೆ. ಚಿಕ್ಕದಕ್ಕೇ 20 ಸಾವಿರದ ಮೇಲೆ ಹೇಳಿದರು. ನಮ್ಮದು ಒಂದು ರಾತ್ರಿಗೆ ತಲೆಗೆ ಒಂದೂವರೆ, ಎರಡು ಸಾವಿರ ಸಿಗುವ ಕಸುಬು. ನಾನೇ ಕಟ್ಟುತ್ತೇನೆ ಅಂದಾಗ ಟ್ರೂಪಿನಲ್ಲಿ ಎಲ್ಲರೂ ನಕ್ಕರು. ಮೊದಲ ಸಲ ತಂದಿಟ್ಟಾಗ ಸೌಂಡಿನವರು, "ಇದೇನಣ್ಣಾ, ಬೋರ್‌ವೆಲ್ ಸ್ಟಾರ್ಟರ್ ತಂದಿದ್ದೀಯಾ?" ಅಂದರು. ಅಲ್ಲಿಂದ ಅದರ ಹೆಸರೇ ಸ್ಟಾರ್ಟರ್.

ಡಬ್ಬಿಗೆ ಮುಂಚೆ ಹಾಳಾದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮೊದಲು ಸ್ಪೈಕ್ ಗಾರ್ಡ್. ಒಳ್ಳೇದು, ಕೆಟ್ಟದ್ದು ಎಲ್ಲಾ ಸೇರಿ 3 ಸಾವಿರ ಹೋಗಿರಬೇಕು. ಸತ್ತುಹೋದ ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಇದ್ದಿದ್ದೇ ಒಂದು ಎಂಒವಿ (ಸ್ಪೈಕ್ ನುಂಗುವ ಬಿಲ್ಲೆಯಂಥ ಪಾರ್ಟು), ಅದೂ ಕರ್ರಗೆ ಸೀಳಿತ್ತು. ಮೇಲೆ 431 ಅನ್ನೋ ನಂಬರು ಅರ್ಧ ಉಳಿದಿತ್ತು. 431 ಅಂದರೆ 275 ವೋಲ್ಟ್ ಎಸಿವರೆಗೆ ಅಷ್ಟೇ. ಕ್ಷಣದಲ್ಲಿ ಬಂದು ಹೋಗುವ ಸ್ಪೈಕನ್ನು ಅದು ನುಂಗುತ್ತೆ. ವೋಲ್ಟೇಜು 300ಕ್ಕೆ ಹೋಗಿ ಅಲ್ಲೇ ಕೂತರೆ ಅದೇ ಸುಟ್ಟುಹೋಗುತ್ತೆ. ನಮ್ಮ ಕಡೆ ಬರೋದು ಈ ಎರಡನೇ ಥರದ್ದೇ ಜಾಸ್ತಿ.

ಆಮೇಲೆ ಸ್ಟೆಬಿಲೈಸರ್. ರಿಲೇ (ತಾನಾಗಿ ಬದಲಾಗುವ ಸ್ವಿಚ್ಚು) ಇರುವ 1 ಕೆವಿಎ, ಸೆಕೆಂಡ್ ಹ್ಯಾಂಡ್, 2,500ಕ್ಕೋ ಏನೋ. ಮನೆಯಲ್ಲಿ ಫ್ರಿಡ್ಜಿಗೆ ಸರಿ. ಸ್ಟೇಜಿನಲ್ಲಿ ಆಂಪ್ಲಿಫೈಯರು ಬೇಸ್ ಎಳೆದಾಗಲೆಲ್ಲ ವೋಲ್ಟೇಜು ಬೀಳುತ್ತೆ, ರಿಲೇ ಟಕ್ ಅಂತ ಟ್ಯಾಪ್ (ಒಳಗಿನ ಟ್ರಾನ್ಸ್‌ಫಾರ್ಮರಿನ ತುದಿ) ಬದಲಾಯಿಸುತ್ತೆ. ತಮಟೆ ಬೀಟಿನ ತೆಲುಗು ಹಾಡು ಶುರುವಾದರೆ ಡ್ರಮ್ಮಿಗೂ ರಿಲೇಗೂ ಜುಗಲ್‌ಬಂದಿ. ಟ್ಯಾಪ್ ಬದಲಾಗುವ ಆ ಚಿಕ್ಕ ಗ್ಯಾಪಿನಲ್ಲಿ ಮಿಕ್ಸರ್ ರೀಸ್ಟಾರ್ಟ್ ಆಗುತ್ತಿತ್ತು. ಅದು ಮತ್ತೆ ಎದ್ದು ಕೂರಲು ಸುಮಾರು ಒಂದು ನಿಮಿಷ. ಅಷ್ಟರಲ್ಲಿ ಜನ ಸಿಳ್ಳೆ ಹೊಡೆದು ಮುಗಿಸಿರುತ್ತಾರೆ. ಸರ್ವೋ ಸ್ಟೆಬಿಲೈಸರು ಟಕ್ ಅನ್ನಲ್ಲ, ಆದರೆ ಭಾರ ಮತ್ತು ನಿಧಾನ. ಅದನ್ನು ಎತ್ತಲು ಬೇರೆ ಕೂಲಿ ಕೊಡಬೇಕು.

ಅಲ್ಲಿಗೆ ನನಗೆ ಒಂದು ವಿಷಯ ಹೊಳೆಯಿತು. ಈಗಿನ ಮಿಕ್ಸರು, ಲ್ಯಾಪ್‌ಟಾಪು, ಅಡಾಪ್ಟರುಗಳ ಹಿಂದೆ ನೋಡಿ, 100 ರಿಂದ 240 ವೋಲ್ಟ್ ಅಂತ ಬರೆದಿರುತ್ತೆ. ಎಲ್ಲಾ ಎಸ್‌ಎಂಪಿಎಸ್, ಅಂದರೆ ವೋಲ್ಟೇಜು ಹೆಚ್ಚುಕಮ್ಮಿ ಆದರೂ ತಾನೇ ಹೊಂದಿಕೊಳ್ಳುವ ಸಪ್ಲೈ. 160 ಬಂದರೂ ಅವಕ್ಕೆ ಏನೂ ಆಗಲ್ಲ. ಹಾಗಾದರೆ ವೋಲ್ಟೇಜನ್ನು ಏರಿಸೋ ಕೆಲಸ ಯಾಕೆ ಬೇಕು? ಬೇಕಾಗಿರೋದು ಜಾಸ್ತಿ ಬಂದಾಗ ಕಿತ್ತುಹಾಕೋದು, ಕೊಳೆ ಸೋಸೋದು, ಮೈಕು ತುಟಿಗೆ ತಾಗಿದರೆ ಶಾಕ್ ಹೊಡೆಯದಂತೆ ನೋಡಿಕೊಳ್ಳೋದು. ನನ್ನ ಹಳೇ ಕೀಬೋರ್ಡ್ ಒಂದಕ್ಕೆ ಮಾತ್ರ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಅಡಾಪ್ಟರ್ ಇತ್ತು. 180ಕ್ಕಿಂತ ಕೆಳಗೆ ಬಂದರೆ ಗುಂಯ್ ಅನ್ನುತ್ತಿತ್ತು. ಅದೇ ವೋಲ್ಟು, ಅದೇ ಪೋಲಾರಿಟಿಯ ಎಸ್‌ಎಂಪಿಎಸ್ ಅಡಾಪ್ಟರ್ 600 ರೂಪಾಯಿಗೆ ತಂದೆ, ಮುಗೀತು.

ಲೋಡು ಎಷ್ಟು ಅಂತ ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರಿನಲ್ಲಿ ಅಳೆದೆ. ಎಲ್ಲಾ ಸೇರಿ 150 ವ್ಯಾಟ್ ಆಸುಪಾಸು. ಆಂಪು (ಆಂಪ್ಲಿಫೈಯರು), ಲೈಟು, ಸ್ಮೋಕ್ ಮೆಷಿನ್ ಇವನ್ನು ಹೊರಗಿಟ್ಟರೆ ಡಬ್ಬಿ ಚಿಕ್ಕದಾಗುತ್ತೆ. ಅಂಗಡಿಯಲ್ಲಿ ರೆಡಿ ಕಂಡೀಷನರ್ ತಗೊಳ್ಳುವವರೂ ಮೊದಲು ಇದನ್ನೇ ನೋಡಿ. ಎಷ್ಟು ಸಾಕೆಟ್ ಇದೆ ಅಂತ ಎಣಿಸಬೇಡಿ. ಓವರ್ ವೋಲ್ಟೇಜಿಗೆ ಕಟ್ ಆಗುತ್ತಾ, ಎಷ್ಟಕ್ಕೆ ಆಗುತ್ತೆ, 230 ವೋಲ್ಟಿನ ಮಾಡೆಲ್ಲಾ ಅಂತ ಕೇಳಿ. ಕಟ್ ಆಗಲ್ಲ ಅಂದರೆ ಅದು ಚೆಂದದ ಎಕ್ಸ್‌ಟೆನ್ಷನ್ ಬೋರ್ಡು ಅಷ್ಟೇ.

ನನ್ನ ಡಬ್ಬಿಯೊಳಗಿನ ವರಸೆ ಹೀಗಿದೆ. ಒಳಬರುವ ಕಡೆ 6 ಆಂಪಿಯರ್ ಎಂಸಿಬಿ (ಲೋಡು ಜಾಸ್ತಿಯಾದರೆ ಬೀಳುವ ಸ್ವಿಚ್ಚು). ಆಮೇಲೆ ಡಿನ್ ರೈಲು ಅನ್ನೋ ಲೋಹದ ಪಟ್ಟಿಗೆ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್, ಮುಂದೆ ಡಿಸ್‌ಪ್ಲೇ ಇರುವಂಥದ್ದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 700 ಕೊಟ್ಟೆ ಅಂತ ನೆನಪು. ಮೇಲಿನ ಕಟ್ 260, ಕೆಳಗಿನದು 150, ಕರೆಂಟು ಸರಿಯಾದ ಮೇಲೆ 30 ಸೆಕೆಂಡ್ ಕಾದು ಆನ್. ಅದನ್ನು ದಾಟಿದ ಮೇಲೆ ಎಂಒವಿ, ಆದರೆ 431 ಅಲ್ಲ, 621. ಅದು 385 ವೋಲ್ಟಿನದು. ಪ್ರೊಟೆಕ್ಟರಿನ ರಿಲೇ ಬಿಡಿಸಿಕೊಳ್ಳುವ ತನಕ ಸುಡದೆ ತಡೆದುಕೊಳ್ಳುತ್ತೆ. ಜೊತೆಗೆ ಒಂದು ಥರ್ಮಲ್ ಫ್ಯೂಸ್. ಆಮೇಲೆ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್, 500 ವಿಎ. ಬಂದಷ್ಟೇ ವೋಲ್ಟೇಜು ಕೊಡುತ್ತೆ, ಆದರೆ ಲೈನಿಗೂ ಸಾಮಾನಿಗೂ ನೇರ ವೈರಿನ ಸಂಬಂಧ ಇರಲ್ಲ. ಅದರ ಆಚೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಲೀಕ್ ಆದರೆ ಬೀಳುವ ಸ್ವಿಚ್ಚು), ಕೊಳೆ ಸೋಸಲು ಒಂದು 10 ಆಂಪಿಯರ್ ಇಎಂಐ ಫಿಲ್ಟರ್, ಕೊನೆಗೆ ಸಾಕೆಟ್‌ಗಳು.

ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು ಕೋಲಾರದಲ್ಲೇ, ಪಂಪ್ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಬೋರ್‌ವೆಲ್ಲಿನ ದಯೆಯಿಂದ ನಮ್ಮೂರಲ್ಲಿ ವೈಂಡಿಂಗ್ ಕೈಗಳಿಗೆ ಬರವಿಲ್ಲ. "ಒಂದಕ್ಕೆ ಒಂದಾ? 230 ಕೊಟ್ಟು 230 ತಗೊಳ್ಳೋಕೆ ಇಷ್ಟು ತಾಮ್ರ ಯಾಕೆ ಸಾರ್?" ಅಂತ ಆತ ಎರಡೆರಡು ಸಲ ಕೇಳಿದ. ಕೋರು, ತಾಮ್ರ, ಕೂಲಿ ಸೇರಿ 3,500. ಮೊದಲನೇದು ಕೆಲಸ ಮಾಡಿತು, ಆದರೆ ಲ್ಯಾಮಿನೇಷನ್ (ಕೋರಿನ ತಗಡುಗಳು) ಸಡಿಲ. ರೆಕಾರ್ಡಿಂಗ್ ಮಾಡುವಷ್ಟು ನಿಶ್ಶಬ್ದದಲ್ಲಿ ಟ್ರಾನ್ಸ್‌ಫಾರ್ಮರೇ ಶ್ರುತಿಪೆಟ್ಟಿಗೆ ಥರ ಹಾಡುತ್ತಿತ್ತು. ಮತ್ತೆ ತಗೊಂಡು ಹೋಗಿ ವಾರ್ನಿಷಿನಲ್ಲಿ ಮುಳುಗಿಸಿ, ಒಲೆಯಲ್ಲಿ ಒಣಗಿಸಿ, ಬೋಲ್ಟ್ ಬಿಗಿಸಿದ ಮೇಲೆ ಸುಮ್ಮನಾಯಿತು. ಅದಕ್ಕೆ ಇನ್ನೂ 400. ಎರಡು ವೈಂಡಿಂಗ್ ಮಧ್ಯೆ ತಾಮ್ರದ ಹಾಳೆಯ ಒಂದು ಸುತ್ತು ಶೀಲ್ಡ್ ಇರಬೇಕು. ಹಾಳೆಯ ಎರಡು ತುದಿ ಒಂದಕ್ಕೊಂದು ತಾಗಕೂಡದು, ತಾಗಿದರೆ ಅದೇ ಶಾರ್ಟ್ ಆದ ಸುತ್ತಾಗಿ ಕಾದು ಕೆಂಪಾಗುತ್ತೆ. ಆ ಶೀಲ್ಡಿನ ವೈರನ್ನು ಡಬ್ಬಿಯಲ್ಲಿ ಎಲ್ಲಿಗೆ ಕೊಟ್ಟಿದ್ದೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಅದನ್ನು ಕಂಡುಕೊಳ್ಳಲು ಬಹಳ ನಿದ್ದೆ ಕೆಟ್ಟಿದ್ದೇನೆ.

ಆದರೆ ಶಾಕಿನ ವಿಷಯ ಮುಚ್ಚಿಡಬಾರದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಮುಂದೆ ಆರ್‌ಸಿಸಿಬಿ ಕೂರಿಸಿ, ಎಲ್ಲಾ ಸೇಫ್ ಅಂತ ಕೆಲವರು ತಿರುಗುತ್ತಾರೆ. ಸೆಕೆಂಡರಿ, ಅಂದರೆ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ ಸುತ್ತು, ಅರ್ತಿಗೆ ಕಟ್ಟದೆ ತೇಲುತ್ತಿದ್ದರೆ ಆರ್‌ಸಿಸಿಬಿ ಸುಮ್ನೆ ಅಲಂಕಾರ. ಸಾಮಾನಿನ ಲೋಹದ ಮೈಗೆ ಫೇಸ್ ತಾಗಿದರೂ ಕರೆಂಟಿಗೆ ವಾಪಸ್ ದಾರಿ ಇಲ್ಲ, ಆರ್‌ಸಿಸಿಬಿ ಬೀಳೋದೇ ಇಲ್ಲ. ಸೆಕೆಂಡರಿಯ ಒಂದು ತುದಿಯನ್ನು ಡಬ್ಬಿಯ ಅರ್ತಿಗೆ ಕಟ್ಟಿ, ಅದಾದ ಮೇಲೆ, ಸಾಕೆಟ್ ಕಡೆಗೆ ಆರ್‌ಸಿಸಿಬಿ ಇಡಬೇಕು. ಆಗ ಊರಿನವರು ಕೊಟ್ಟ ಲೈನಿನಲ್ಲಿ ಅರ್ತ್ ಇಲ್ಲದಿದ್ದರೂ ನಮ್ಮ ಡಬ್ಬಿಗೆ ಸೇರಿದ ಸಾಮಾನಿನ ಲೋಹದ ಮೈಗೆ ಫೇಸ್ ತಾಗಿದರೆ ಅದು ಬೀಳುತ್ತೆ. ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಟೆಸ್ಟ್ ಬಟನ್ ಪ್ರತಿ ಸಲ ಒತ್ತಿ. ಹಮ್ಮಿಂಗ್ ಬಂತು ಅಂತ ಪ್ಲಗ್ಗಿನ ದಪ್ಪ ಅರ್ತ್ ಪಿನ್ನನ್ನು ಕಟ್ ಮಾಡುವ ಮಹಾನುಭಾವರು ಇನ್ನೂ ಇದ್ದಾರೆ. ಹಾಡೋರ ಪ್ರಾಣದ ಜೊತೆ ಆಟ ಅದು. ಹಮ್ಮಿಂಗನ್ನು ಆಡಿಯೋ ಕೇಬಲಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಕೀಬೋರ್ಡು, ಮಿಕ್ಸರಿನ ನಡುವೆ ಹಾಕುವ ಚಿಕ್ಕ ಡಬ್ಬಿ) ಹಾಕಿ ಬಿಡಿಸಿ, ಅರ್ತ್ ಮುಟ್ಟಬೇಡಿ.

ವೈರಿನ ಲೆಕ್ಕವೂ ಇದರಲ್ಲೇ ಬರುತ್ತೆ. ಶಾಮಿಯಾನದವರು ಕೊಡುವ 1.5 ಸ್ಕ್ವೇರ್ (ಚದರ ಮಿಲಿಮೀಟರ್) ವೈರನ್ನು 100 ಮೀಟರ್ ಎಳೆದು 10 ಆಂಪಿಯರ್ ಲೋಡ್ ಹಾಕಿದರೆ ಹೋಗಿ ಬರುವ ದಾರಿಯಲ್ಲೇ 24 ವೋಲ್ಟ್ ತಿಂದುಹಾಕುತ್ತೆ. 4 ಸ್ಕ್ವೇರ್ ಆದರೆ 9 ವೋಲ್ಟ್. ಸೌಂಡಿನವರು 4 ಸ್ಕ್ವೇರ್ ಕೇಬಲ್ ರೋಲ್ ತಗೊಂಡ ಮೇಲೆ ಆಂಪಿನ ಗೊರಗೊರ ಅರ್ಧ ಕಮ್ಮಿ ಆಯ್ತು. ನನ್ನ ಡಬ್ಬಿಗೆ ಮಾತ್ರ ಕಂಬದ ಹತ್ತಿರದ ಬೋರ್ಡಿನಿಂದಲೇ ಬೇರೆ ವೈರು.

ಮಧ್ಯೆ ಸ್ವಲ್ಪ ತಲೆಹರಟೆನೂ ಮಾಡಿದೆ. ಜೇಬಿನ ಎಎಂ ರೇಡಿಯೋವನ್ನು ಸ್ಟೇಷನ್ ಇಲ್ಲದ ಕಡೆ ತಿರುಗಿಸಿ ಸ್ಟೇಜಿನ ವೈರುಗಳ ಹತ್ತಿರ ಹಿಡಿದುಕೊಂಡು ಓಡಾಡಿದೆ. ಕಡಿಮೆ ಬೆಲೆಯ ಎಲ್‌ಇಡಿ ಪಾರ್ ಲೈಟಿನ ಹತ್ತಿರ ಚರಚರ ಅಂತ ಕಿರುಚುತ್ತೆ. ದೇವಸ್ಥಾನದ ಸೀರಿಯಲ್ ಸೆಟ್ಟಿನ ಕಂಟ್ರೋಲರ್ ಹತ್ತಿರ ಅದು ಓಡುವ ತಾಳಕ್ಕೆ ಸರಿಯಾಗಿ ಟಿಕ್ ಟಿಕ್ ಅನ್ನುತ್ತೆ. ಡಬ್ಬಿಯ ಔಟ್‌ಪುಟ್ ವೈರಿನ ಹತ್ತಿರ ಹೆಚ್ಚುಕಮ್ಮಿ ಸುಮ್ಮನಾಗುತ್ತೆ. ನೂರಿನ್ನೂರು ರೂಪಾಯಿಯ ರೇಡಿಯೋ ಇಷ್ಟು ಹೇಳಿದರೆ ಸಾಕಲ್ವಾ? ಕಂಪ್ಯೂಟರ್ ಯುಪಿಎಸ್ ಕೂಡ ನೋಡಿದೆ. ಬ್ಯಾಟರಿ ಮೇಲೆ ಓಡುವಾಗ ಅದರ ಮೆಟ್ಟಿಲು ಮೆಟ್ಟಿಲಾದ ವೇವ್‌ಗೆ ಆ ಹಳೇ ಅಡಾಪ್ಟರ್ ಜೀರುಂಡೆ ಆಗಿಬಿಡುತ್ತಿತ್ತು. ಈಗ ಒಂದು 600 ವಿಎ ಯುಪಿಎಸ್ ಡಬ್ಬಿಯ ಔಟ್‌ಪುಟ್ಟಿನಲ್ಲಿ ಮಿಕ್ಸರಿಗೆ ಮಾತ್ರ ಇದೆ. ಲೈನಿನಿಂದ ಜನರೇಟರಿಗೆ ಬದಲಾಯಿಸುವ ಹೊತ್ತಿಗೆ ಮಿಕ್ಸರ್ ಮಲಗಲ್ಲ.

ಜನರೇಟರೂ ಸಾಚಾ ಅಲ್ಲ. ಸ್ಮೋಕ್ ಮೆಷಿನ್ನಿನ ಹೀಟರು ಆಫ್ ಆದ ಕೂಡಲೇ ವೋಲ್ಟೇಜು ಎಗರುತ್ತೆ. ಎಷ್ಟೋ ಚಿಕ್ಕ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನು (ಕರೆಂಟು ವಾಪಸ್ ಹೋಗುವ ವೈರನ್ನು) ಅದರ ಲೋಹದ ಮೈಗೆ ಕಟ್ಟಿರಲ್ಲ. ಅರ್ಧ ಸಾಮಾನು ಅದರಲ್ಲಿ, ಅರ್ಧ ಲೈನಿನಲ್ಲಿ ಹಾಕಿದರೆ ಗಿಟಾರಿನವರಿಗೆ ಮೈಕು ಮುಟ್ಟಿದಾಗ ಜುಂ ಅನ್ನುತ್ತೆ. ಸ್ಟೇಜೆಲ್ಲಾ ಒಂದೇ ಮೂಲದಲ್ಲಿ ಇರಲಿ.

ಡಬ್ಬಿ ನಿಜವಾಗಿ ಬೆಲೆ ಬಾಳಿದ್ದು ಮುಳಬಾಗಿಲಿನ ಆಚೆ, ಆಂಧ್ರ ಗಡಿಯ ಹತ್ತಿರದ ಒಂದು ಹಳ್ಳಿಯ ಪಲ್ಲಕ್ಕಿಯಲ್ಲಿ. ಕಂಬದಿಂದ ತ್ರೀ ಫೇಸ್ ಲೈನನ್ನೇ ಎಳೆದಿದ್ದರು. ಹಾಡು ಅರ್ಧಕ್ಕೆ ಬಂದಿತ್ತು. ಎಡಗಡೆಯ ಹ್ಯಾಲೋಜನ್ ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯಿತು, ಬಲಗಡೆಯ ಲೈಟು ಮಂಕಾಯಿತು. ನ್ಯೂಟ್ರಲ್ ಬಿಟ್ಟುಹೋದ ಗುರುತು ಅದು. ಒಂದು ಫೇಸಿನ ಲೋಡು ಇನ್ನೊಂದರ ಮೇಲೆ ಕೂತರೆ ವೋಲ್ಟೇಜು 400ರ ಕಡೆ ಹೊರಡುತ್ತೆ. ನಾನು ನೋಡುವಷ್ಟರಲ್ಲಿ ಡಬ್ಬಿ ಟಪ್ ಅಂತ ಬಿಟ್ಟಿತ್ತು. ಡಿಸ್‌ಪ್ಲೇಯಲ್ಲಿ 318, 326, 321 ಅಂತ ಅಂಕಿ ಕುಣಿಯುತ್ತಿದ್ದವು. ಲೈಟಿಂಗ್‌ನವರ ಪಾರ್ ಲೈಟುಗಳಲ್ಲಿ ನಾಲ್ಕೈದು ಹೊಗೆ ಬಿಟ್ಟವು. ವಿಡಿಯೋದವರ ಚಾರ್ಜರ್ ಹೋಯಿತು. ಸೌಂಡಿನವರ ಒಂದು ಆಂಪು ಫ್ಯೂಸ್ ಹಾರಿಸಿಕೊಂಡು ಹೇಗೋ ಉಳಿಯಿತು. ಯುಪಿಎಸ್ ಮೇಲಿದ್ದ ಮಿಕ್ಸರ್ ಏನೂ ಆಗಿಲ್ಲ ಅನ್ನೋ ಹಾಗೆ ಕೂತಿತ್ತು. ಜಾಯಿಂಟ್ ಬಿಗಿಸಿ ಲೈನ್ ಸರಿಯಾದ ಮೇಲೆ ಡಬ್ಬಿ ತಾನಾಗಿ 30 ಎಣಿಸಿ ಆನ್ ಆಯಿತು, ನಾವು ಚರಣದಿಂದಲೇ ಹಾಡು ಎತ್ತಿಕೊಂಡೆವು. ಇಳಿಸುವಾಗ ಸೌಂಡಿನವರು ಹತ್ತಿರ ಬಂದು, "ಅಣ್ಣಾ, ಆ ಸ್ಟಾರ್ಟರ್ ಇನ್ನೊಂದು ಕಟ್ಟಿಕೊಡ್ತೀಯಾ?" ಅಂದರು.

ಒಟ್ಟು ಖರ್ಚು ಎಲ್ಲಾ ಸೇರಿ 8 ಸಾವಿರದ ಸುತ್ತಮುತ್ತ. ಆರ್‌ಸಿಸಿಬಿಗೇ 1,800 ಹೋಯಿತು, ಅಲ್ಲಿ ಕಂಜೂಸ್ ಮಾಡಲಿಲ್ಲ. ಪೆಟ್ಟಿಗೆ ಹಳೇ ಆಂಪ್ಲಿಫೈಯರಿನದು, ಪುಕ್ಕಟೆ. ತೂಕ 9 ಕಿಲೋ ಇರಬಹುದು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರುತ್ತೆ.

ತೂಕ ಇಳಿಸಲು ಈಗ ಬಳೆಯಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಇಟ್ಟು ನೋಡುತ್ತಿದ್ದೇನೆ. ಎರಡು ಮೂರು ಕಿಲೋ ಕಮ್ಮಿ, ಶಬ್ದವೂ ಇಲ್ಲ. ಆದರೆ ಆನ್ ಮಾಡಿದ ಏಟಿಗೆ ಎಳೆಯುವ ಕರೆಂಟಿಗೆ 6 ಆಂಪಿಯರ್ ಎಂಸಿಬಿ ಒಮ್ಮೊಮ್ಮೆ ಬಿದ್ದುಬಿಡುತ್ತೆ. ಎನ್‌ಟಿಸಿ (ತಣ್ಣಗಿದ್ದಾಗ ಕರೆಂಟು ತಡೆದು, ಬಿಸಿಯಾದ ಮೇಲೆ ಬಿಡುವ ಪಾರ್ಟು) ಹಾಕಿದರೆ ನಿಲ್ಲುತ್ತೆ. ಆದರೆ ಕರೆಂಟು ಹೋಗಿ ತಕ್ಷಣ ಬಂದರೆ ಎನ್‌ಟಿಸಿ ಇನ್ನೂ ಬಿಸಿಯಾಗಿರುತ್ತೆ, ಮತ್ತೆ ಬೀಳುತ್ತೆ. ಆ 30 ಸೆಕೆಂಡಿನ ಕಾಯುವಿಕೆಯನ್ನು 90ಕ್ಕೆ ಏರಿಸಿದ್ದೇನೆ. ಈ ಸಲದ ಗಣೇಶನ ಪ್ರೋಗ್ರಾಂಗಳಲ್ಲಿ ಅದನ್ನೇ ಓಡಿಸುತ್ತೇನೆ, ಹಳೇದು ಡಿಕ್ಕಿಯಲ್ಲಿ ಇರುತ್ತೆ.