ಉರಿಯೂತ ಮತ್ತು ಔಷಧಗಳ ಸಂಶೋಧನೆಗೆ ಇಳಿಯುವುದು ಹೇಗೆ

ಬಯೋಕೆಮಿಸ್ಟ್ರಿ ಓದಿ ಉರಿಯೂತದ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಬರುವವರು ಮೊದಲು ಕೇಳುವುದು, ಯಾವ ಔಷಧ ಹಿಡಿದುಕೊಳ್ಳಲಿ ಅಂತ. ಅದು ಆಮೇಲೆ. ಮೊದಲು ದೇಹದಲ್ಲಿ ಉರಿಯೂತ ಹುಟ್ಟುವ ಒಂದೇ ಒಂದು ರಾಸಾಯನಿಕ ದಾರಿಯನ್ನು ಬುಡದಿಂದ ತುದಿವರೆಗೆ ಕಲಿತುಕೊಳ್ಳಿ.

ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ದಾರಿ ಇದಕ್ಕೆ ಚೆನ್ನಾಗಿದೆ. ಜೀವಕೋಶದ ಪೊರೆಯಿಂದ ಈ ಆಮ್ಲ ಬಿಡುಗಡೆಯಾಗುತ್ತದೆ, ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೊಸ್ಟಾಗ್ಲಾಂಡಿನ್ ಆಗುವ ಕಡೆಗೆ ತಿರುಗಿಸುತ್ತದೆ, ಅಲ್ಲಿಂದ ನೋವು, ಜ್ವರ, ಊತ. ಆಸ್ಪಿರಿನ್ ಶುದ್ಧ ರೂಪದಲ್ಲಿ ತಯಾರಾಗಿದ್ದು 1897ರಲ್ಲಿ. ಅದು ತಡೆಯುವುದು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ ಅಂತ ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ! ಅಷ್ಟು ವರ್ಷ ಜನ ಮಾತ್ರೆ ನುಂಗುತ್ತಲೇ ಇದ್ದರು, ಕಾರಣ ಯಾರಿಗೂ ಗೊತ್ತಿರಲಿಲ್ಲ. ಈ ದಾರಿಯನ್ನು ಪುಸ್ತಕ ಮುಚ್ಚಿಟ್ಟು ಕಾಗದದ ಮೇಲೆ ಬಿಡಿಸಿ, ಪ್ರತಿ ಬಾಣದ ಪಕ್ಕ ಅಲ್ಲಿ ಅಡ್ಡ ಬರುವ ಔಷಧದ ಹೆಸರು ಬರೆಯಿರಿ.

ಇನ್ನು ಲ್ಯಾಬ್ ಕೆಲಸ. ಬಹಳ ಜನ ಶುರು ಮಾಡುವುದು ರಾ 264.7 ಎಂಬ ಇಲಿಯ ಮ್ಯಾಕ್ರೊಫೇಜ್ (ರೋಗನಿರೋಧಕ) ಕೋಶಗಳಿಂದ. 96 ಗುಳಿಯ ಪ್ಲೇಟಿನಲ್ಲಿ ಕೋಶ ಬೆಳೆಸಿ, ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವಾದ ಎಲ್‌ಪಿಎಸ್ ಹಾಕಿ ಕೆರಳಿಸಿ, ಮಾರನೆಯ ದಿನ ಮೇಲಿನ ದ್ರವ ತೆಗೆದು ಗ್ರೀಸ್ ರೀಏಜೆಂಟ್ ಸೇರಿಸುತ್ತೀರಿ. ಕೆರಳಿದ ಕೋಶಗಳು ನೈಟ್ರಿಕ್ ಆಕ್ಸೈಡ್ ಮಾಡುತ್ತವೆ, ಅದು ದ್ರವದಲ್ಲಿ ನೈಟ್ರೈಟ್ ಆಗುತ್ತದೆ, ಈ ರೀಏಜೆಂಟ್ ನೈಟ್ರೈಟ್ ಇರುವ ಗುಳಿಯನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುತ್ತದೆ. ನಿಮ್ಮ ಔಷಧ ಹಾಕಿದ ಗುಳಿ ಬಿಳಚಿಕೊಂಡಿದ್ದರೆ ಖುಷಿಯಾಗುತ್ತದೆ, ಅಲ್ವಾ? ಉರಿಯೂತ ಇಳಿಯಿತು ಅನ್ನಿಸುತ್ತದೆ.

ತಡೆಯಿರಿ. ಪ್ಲೇಟನ್ನು ಮೈಕ್ರೋಸ್ಕೋಪ್ ಕೆಳಗಿಡಿ. ನನಗೆ ಒಮ್ಮೆ ಚೆಂದದ ಗ್ರಾಫ್ ಬಂದಿತ್ತು, ಡೋಸ್ ಏರಿದಂತೆ ನೈಟ್ರೈಟ್ ಇಳಿಯುತ್ತಿತ್ತು, ಎರಡು ವಾರ ಅದನ್ನೇ ನಂಬಿಕೊಂಡಿದ್ದೆ, ಆಮೇಲೆ ನೋಡಿದರೆ ಜಾಸ್ತಿ ಡೋಸ್ ಹಾಕಿದ ಗುಳಿಗಳಲ್ಲಿ ಕೋಶಗಳು ತಳ ಬಿಟ್ಟು ತೇಲುತ್ತಿದ್ದವು. ಸತ್ತ ಕೋಶ ನೈಟ್ರಿಕ್ ಆಕ್ಸೈಡ್ ಮಾಡುವುದಿಲ್ಲ, ಅಷ್ಟೇ ಕಥೆ. ಅದಕ್ಕೆ ಅದೇ ಪ್ಲೇಟಿನಲ್ಲಿ ಕೋಶಗಳು ಎಷ್ಟು ಬದುಕಿವೆ ಅಂತ ತೋರಿಸುವ ಎಂಟಿಟಿ ಪರೀಕ್ಷೆ ಮಾಡಿ, ಕೋಶಗಳು ಬದುಕಿರುವ ಡೋಸ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಔಷಧ ಕರಗಿಸಿದ ಡಿಎಂಎಸ್‌ಒ ಮಾತ್ರ ಹಾಕಿದ ಗುಳಿಯೂ ಇರಲೇಬೇಕು. ಗೊತ್ತಿರುವ ಔಷಧದ್ದು ಇನ್ನೊಂದು ಸಾಲು. ಗಿಡದ ಸಾರದ ಮೇಲೆ ಕೆಲಸ ಮಾಡುವವರು ಅದರ ಬಣ್ಣವೇ ರೀಡಿಂಗ್ ಕೆಡಿಸುತ್ತಿದೆಯಾ ಅಂತಲೂ ನೋಡಿ, ಅದಕ್ಕೆ ಕೋಶವೇ ಇಲ್ಲದ ಗುಳಿ ಸಾಕು.

ಇಲ್ಲಿವರೆಗೆ ಮಾಡಿದ್ದು ಬಯೋಕೆಮಿಸ್ಟ್ರಿ. ಫಾರ್ಮಕಾಲಜಿ ಕೇಳುವುದೇ ಬೇರೆ: ಎಷ್ಟು ಕೊಟ್ಟರೆ, ಎಲ್ಲಿಗೆ, ಎಷ್ಟು ಹೊತ್ತು? ಪ್ಲೇಟಿನಲ್ಲಿ 50 ಮೈಕ್ರೊಮೋಲಾರ್ ಹಾಕುವುದು ಸುಲಭ, ನುಂಗಿದ ಔಷಧ ರಕ್ತದಲ್ಲಿ ಅಷ್ಟು ಮಟ್ಟಕ್ಕೆ ಏರುವುದು ಬಹಳ ಸಲ ಆಗದ ಮಾತು. ಪ್ರಾಣಿ ಪ್ರಯೋಗಕ್ಕೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಹೆಗ್ಗಣದ ಪಾದಕ್ಕೆ ಊತ ಬರಿಸುವ ಕ್ಯಾರಜೀನನ್ ಚುಚ್ಚಿ ಊತ ಅಳೆಯುವ ಹಳೆಯ ವಿಧಾನದಲ್ಲಿ ಔಷಧವನ್ನು ಸಾಮಾನ್ಯವಾಗಿ ಊತಕ್ಕೆ ಮುಂಚೆಯೇ ಕೊಡುತ್ತಾರೆ. ರೋಗಿ ಬರುವುದು ಊದಿಕೊಂಡ ಮೇಲೆ. ಆಮೇಲೆ ಕೊಟ್ಟರೂ ಕೆಲಸ ಮಾಡುತ್ತದಾ ಅಂತ ನೋಡುವ ಗುಂಪನ್ನೂ ಇಡಿ.

ಒಂದು ಕಿಣ್ವ ತಡೆದರೆ ಮುಗಿಯಿತು ಅನ್ನುವವರು ರೋಫೆಕಾಕ್ಸಿಬ್ ಬಗ್ಗೆ ಓದಬೇಕು. ಹೊಟ್ಟೆಗೆ ತೊಂದರೆ ಕಡಿಮೆಯಾಗಲಿ ಅಂತ ಕಾಕ್ಸ್‌ನ ಎರಡು ರೂಪಗಳಲ್ಲಿ ಕಾಕ್ಸ್-2 ಮಾತ್ರ ತಡೆಯುವಂತೆ ಮಾಡಿದ ಔಷಧ ಅದು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಅಂತ ಗೊತ್ತಾಗಿ 2004ರಲ್ಲಿ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಸ್ಟಾಸೈಕ್ಲಿನ್ ತಯಾರಾಗುವುದಕ್ಕೂ ಅದೇ ಕಾಕ್ಸ್-2 ಬೇಕಿತ್ತು.

ಗೈಡ್ ಹುಡುಕುವಾಗ ಪೇಪರ್‌ಗಳ ಸಂಖ್ಯೆ ಸುಮ್ನೆ ಎಣಿಸಬೇಡಿ. ಆ ಲ್ಯಾಬಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಮಾತಾಡಿಸಿ, ರಿಸಲ್ಟ್ ಬರದಿದ್ದಾಗ ಇಲ್ಲಿ ಏನಾಗುತ್ತದೆ ಅಂತ ಕೇಳಿ. ಆಮೇಲೆ ಅವರ ನೋಟ್‌ಬುಕ್ ಒಂದನ್ನು ತೋರಿಸಲು ಹೇಳಿ. ಎಲ್‌ಪಿಎಸ್‌ನ ಲಾಟ್ ನಂಬರ್, ಕೋಶಗಳು ಎಷ್ಟನೇ ಪ್ಯಾಸೇಜ್ (ಎಷ್ಟು ಸಲ ಹೊಸ ಪಾತ್ರೆಗೆ ಬದಲಾಯಿಸಿ ಬೆಳೆಸಿದ್ದು), ಕೆಟ್ಟುಹೋದ ಪ್ಲೇಟಿನ ರೀಡಿಂಗ್, ಇವೆಲ್ಲ ಅದರಲ್ಲಿ ಇದ್ದರೆ ಅಲ್ಲಿ ಸೇರಿಕೊಳ್ಳಬಹುದು.